ಉಪ್ಪು ಕಡಿಮೆ, ಬಿಸಿಲು ಜಾಸ್ತಿ: ತಿಕೋಟಾದ ಒಂದು ಲಿಥಿಯಂ ಪ್ರಕರಣ

ಕಾಕಾ ಚಹಾ ಕುಡಿಯುವುದು ಬಸಿಯಲ್ಲಿ. ಕಪ್ಪಿನಿಂದ ಬಸಿಗೆ ಸುರಿದು, ಒಂದು ಸಲ ಊದಿ, ಸುರ್ ಅಂತ ಎಳೆಯುತ್ತಾರೆ. ಹನ್ನೆರಡು ವರ್ಷದಿಂದ ಅವರ ಕೈಯಲ್ಲಿ ಆ ಬಸಿ ಸಣ್ಣಗೆ ನಡುಗುತ್ತಲೇ ಇದೆ. ಮನಸ್ಸಿನ ಕಾಯಿಲೆಗೆ ಲಿಥಿಯಂ ಅನ್ನುವ ಗುಳಿಗೆ ತೆಗೆದುಕೊಳ್ಳುವ ಸುಮಾರು ಜನರ ಕೈ ಹಾಗೆ ನಡುಗುತ್ತದೆ. ಚಹಾದ ಮೇಲೆ ಸಣ್ಣ ಅಲೆ ಏಳುತ್ತದೆ, ಆದರೆ ಒಂದು ಹನಿ ಚೆಲ್ಲುವುದಿಲ್ಲ. 2023ರ ಏಪ್ರಿಲ್‌ನ ಒಂದು ಬೆಳಿಗ್ಗೆ ಆ ಚಹಾ ನನ್ನ ಕೌಂಟರ್ ಮೇಲೆ ಅರ್ಧಕ್ಕರ್ಧ ಚೆಲ್ಲಿತು.

ನಾನು ತಿಕೋಟಾದಲ್ಲಿ ಮೆಡಿಕಲ್ ಅಂಗಡಿ ಇಟ್ಟವನು. ಕಾಕಾ ನನಗೆ ಸಂಬಂಧಿಕರಲ್ಲ, ನಮ್ಮ ಕಡೆ ದೊಡ್ಡವರನ್ನು ಹಾಗೆ ಕರೆಯುವುದು ರೂಢಿ. ಹೆಸರು ಬೇಡ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದಿರಲಿ ಅಂತ ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಗುಳಿಗೆಯ ಲೆಕ್ಕ ಮಾತ್ರ ಇದ್ದ ಹಾಗೇ ಇದೆ. ಇಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ, ಅದನ್ನೂ ಬದಲಿಸಿಲ್ಲ.

ಆ ದಿನ ಅವರು ಬಂದದ್ದು ಹೊಟ್ಟೆಗೆ ಗುಳಿಗೆ ಕೇಳಲು. "ತಮ್ಮಾ, ಮೂರು ದಿನ ಆತು, ಹೊಟ್ಟಿ ನಿಂದ್ರವಲ್ದು. ಏನರ ಕೊಡು" ಅಂದರು. ಮಾತು ದಪ್ಪಗಾಗಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಒಳಗೆ ಬರುವಾಗ ಕಾಲು ಅಗಲಿಸಿ ಹೆಜ್ಜೆ ಇಟ್ಟಿದ್ದರು, ಸಪಾಟು ನೆಲದ ಮೇಲೆ ಉತ್ತ ಹೊಲದಲ್ಲಿ ನಡೆದ ಹಾಗೆ. ನನ್ನ ಅಂಗಡಿಯ ಹುಡುಗ ಕಿವಿಯಲ್ಲಿ ಹೇಳಿದ: "ಕಾಕಾ ಮುಂಜಾನೇನ ಹಾಕ್ಯಾರ ನೋಡ್ರಿ." ಕಾಕಾ ಜನ್ಮದಲ್ಲಿ ಕುಡಿದವರಲ್ಲ. ಚಹಾ ಚೆಲ್ಲಿದ್ದು ಆಗಲೇ. ಸಣ್ಣ ನಡುಕ ಹೋಗಿ, ಇಡೀ ಮುಂಗೈ ಜಗ್ಗಿ ಜಗ್ಗಿ ಬಿಟ್ಟ ಹಾಗೆ ಆಡುತ್ತಿತ್ತು.

ಭೇದಿ, ದೊಡ್ಡ ನಡುಕ, ತೊದಲು, ತೂರಾಟ. ಲಿಥಿಯಂ ನುಂಗುವವರಲ್ಲಿ ಈ ನಾಲ್ಕು ಒಟ್ಟಿಗೆ ಕಂಡರೆ ಬೇರೆ ಯೋಚನೆಯೇ ಬೇಡ, ರಕ್ತದಲ್ಲಿ ಲಿಥಿಯಂ ಏರಿದೆ ಅಂತಲೇ ಲೆಕ್ಕ. ಡಿಪ್ಲೊಮಾ ಓದುವಾಗ ಬಾಯಿಪಾಠ ಮಾಡಿದ್ದೆ. ಕಣ್ಣಾರೆ ನೋಡಿದ್ದು ಅದೇ ಮೊದಲು. ಭೇದಿ ನಿಲ್ಲುವ ಗುಳಿಗೆ ಕೊಡಲಿಲ್ಲ. ಅವರ ಮಗನಿಗೆ ಫೋನ್ ಮಾಡಿ, "ಇವತ್ತಿನ ಲಿಥಿಯಂ ಕೊಡಬ್ಯಾಡ, ಗಾಡಿ ತಗೊಂಡು ಬಾ, ವಿಜಯಪುರಕ್ಕ ಹೋಗೋಣು" ಅಂದೆ. ಅವನು ಬರುವ ತನಕ ಕಂಪ್ಯೂಟರ್‌ನಲ್ಲಿ ಕಾಕಾನ ಬಿಲ್ಲು ತೆಗೆದೆ. ಅದರಲ್ಲಿ ಕಂಡದ್ದನ್ನು ಆಮೇಲೆ ಹೇಳುತ್ತೇನೆ.

ಮೂರು ಜೋಡಿ ಎತ್ತು

ಕಾಕಾಗೆ ಈಗ 54. ಆರು ಎಕರೆ ದ್ರಾಕ್ಷಿ. ಹಣ್ಣು ಮಾರುವುದು ಕಡಿಮೆ, ಹೆಚ್ಚು ಪಾಲು ಒಣದ್ರಾಕ್ಷಿ ಮಾಡುತ್ತಾರೆ. ಕಾಯಿಲೆಯ ಹೆಸರು ಬೈಪೋಲಾರ್. ಮನಸ್ಸು ಕೆಲವು ವಾರ ಅಥವಾ ತಿಂಗಳು ವಿಪರೀತ ಏರುತ್ತದೆ, ಇನ್ನು ಕೆಲವು ಕಾಲ ಪಾತಾಳಕ್ಕೆ ಇಳಿಯುತ್ತದೆ, ನಡುವೆ ಎಲ್ಲರ ಹಾಗೆ ಇರುತ್ತದೆ. ಏರಿದ್ದಕ್ಕೆ ಡಾಕ್ಟರು ಮೇನಿಯಾ ಅನ್ನುತ್ತಾರೆ.

ಮೊದಲ ಏರು ಬಂದಾಗ ಅವರಿಗೆ ಇಪ್ಪತ್ತಮೂರು. ಒಂದು ತಿಂಗಳು ಸರಿಯಾಗಿ ನಿದ್ದೆ ಮಾಡದೆ ಊರೆಲ್ಲ ಸುತ್ತಿದರು, ಭಜನಾ ಮಂಡಳಿ ಕಟ್ಟಿದರು, ಇಬ್ಬರೊಡನೆ ಬಡಿದಾಡಿಕೊಂಡರು. ಹುಡುಗ ಹುರುಪಿನವ ಅಂತ ಮನೆಯವರು ಬಿಟ್ಟರು. 2010ರ ಮಳೆಗಾಲದಲ್ಲಿ ಇಳಿಯುವ ಸರದಿ. ಹಾಸಿಗೆ ಬಿಟ್ಟು ಏಳಲಿಲ್ಲ, ಊಟ ಬಿಟ್ಟರು, ಬಾವಿಯ ಮಾತು ಆಡತೊಡಗಿದರು. ಹತ್ತಿರದ ಒಬ್ಬ ಡಾಕ್ಟರು ಖಿನ್ನತೆಯ ಗುಳಿಗೆ ಬರೆದರು, ಬರೀ ಅದೊಂದನ್ನೇ. ಹಿಂದೆ ಯಾವಾಗಲಾದರೂ ನಿದ್ದೆ ಇಲ್ಲದೆ ಹುರುಪಿನಿಂದ ಓಡಾಡಿದ್ದುಂಟಾ ಅಂತ ಯಾರೂ ಕೇಳಲಿಲ್ಲ, ಮನೆಯವರಿಗೂ ಹೇಳಬೇಕು ಅನ್ನಿಸಲಿಲ್ಲ. ಬೈಪೋಲಾರ್ ಇದ್ದವರಿಗೆ ಮನಸ್ಸು ಹಿಡಿದಿಡುವ ಗುಳಿಗೆ ಜೊತೆಗಿಲ್ಲದೆ ಖಿನ್ನತೆಯ ಗುಳಿಗೆ ಒಂದನ್ನೇ ಕೊಟ್ಟರೆ ಕೆಲವರು ಕೆಳಗಿನಿಂದ ಸೀದಾ ಮೇಲಕ್ಕೆ ಹಾರುತ್ತಾರೆ. ಕಾಕಾ ಹಾರಿದರು.

2011ರ ಸಂಕ್ರಮಣಕ್ಕೆ ವಿಜಯಪುರದ ಸಿದ್ದೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಮೂರು ಜೋಡಿ ಎತ್ತು ಹಿಡಿದರು. ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು. ಕಟ್ಟಲು ಕೊಟ್ಟಿಗೆ ಇರಲಿಲ್ಲ, ಕೊಡಲು ದುಡ್ಡೂ ಇರಲಿಲ್ಲ. ನಾಲ್ಕು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಐದನೇ ದಿನ ತಮ್ಮಂದಿರು ಕಟ್ಟಿಕೊಂಡೇ ಧಾರವಾಡಕ್ಕೆ ಒಯ್ದರು. ನಮ್ಮ ಕಡೆ 'ಇವನನ್ನ ಧಾರವಾಡಕ್ಕ ಕಳಸ್ಬೇಕು' ಅನ್ನುವುದು ಬೈಗುಳ. ಅಲ್ಲಿನ ದೊಡ್ಡ ಮಾನಸಿಕ ಆಸ್ಪತ್ರೆಯಿಂದ ಬಂದ ಬೈಗುಳ ಅದು. ಆ ಬೈಗುಳಕ್ಕೆ ಹೆದರಿಯೇ ಕಾಕು, ಅಂದರೆ ಕಾಕಾನ ಹೆಂಡತಿ, ಅಷ್ಟು ದಿನ ತಡ ಮಾಡಿದ್ದು.

ಅಲ್ಲಿ ಮೊದಲು ಓಲಾನ್ಜಪಿನ್ ಕೊಟ್ಟರು. ಮೇನಿಯಾ ಏರಿದಾಗ ಬೇಗ ಇಳಿಸುವ ಗುಳಿಗೆಗಳಲ್ಲಿ ಅದೊಂದು. ರಿಸ್ಪೆರಿಡೋನ್, ಹ್ಯಾಲೋಪೆರಿಡಾಲ್ ಕೂಡ ಅದೇ ಕೆಲಸಕ್ಕೆ ಬರುತ್ತವೆ. ವಾರದೊಳಗೆ ನಿದ್ದೆ ಬಂತು. ಜೊತೆಗೆ ಲಿಥಿಯಂ ಶುರುವಾಯಿತು, ಏಕೆಂದರೆ ಬೆಂಕಿ ಆರಿಸುವುದು ಬೇರೆ, ಮತ್ತೆ ಹತ್ತದ ಹಾಗೆ ಕಾಯುವುದು ಬೇರೆ. ಓಲಾನ್ಜಪಿನ್‌ನಿಂದ ಎಂಟು ತಿಂಗಳಲ್ಲಿ ಹನ್ನೊಂದು ಕಿಲೋ ತೂಕ ಏರಿತು, ಶುಗರ್ ಗಡಿಗೆ ಬಂತು. ನಿಧಾನಕ್ಕೆ ಇಳಿಸಿ ನಿಲ್ಲಿಸಿದರು. ಉಳಿದದ್ದು ಲಿಥಿಯಂ ಕಾರ್ಬೋನೇಟ್ 300 ಮಿ.ಗ್ರಾಂ. ಮೂರು ಗುಳಿಗೆ, ಬೆಳಿಗ್ಗೆ ಒಂದು, ರಾತ್ರಿ ಎರಡು. ರಕ್ತದಲ್ಲಿ ಮಟ್ಟ 0.7. ಕಾಯಿಲೆ ಮರುಕಳಿಸದಿರಲು ಸಾಮಾನ್ಯವಾಗಿ 0.6ರಿಂದ 1.0ರ ನಡುವೆ ಇರಬೇಕು, ಮೇನಿಯಾ ಜೋರಾಗಿದ್ದಾಗ ಸ್ವಲ್ಪ ಮೇಲೆ. 1.5 ದಾಟಿದರೆ ವಿಷದ ದಾರಿ. ಮದ್ದಿಗೂ ವಿಷಕ್ಕೂ ನಡುವೆ ಇಷ್ಟು ಕಡಿಮೆ ಜಾಗ ಇರುವ ಗುಳಿಗೆ ನನ್ನ ಅಂಗಡಿಯಲ್ಲಿ ಕೈಬೆರಳೆಣಿಕೆಯಷ್ಟಿವೆ.

ಹನ್ನೆರಡು ವರ್ಷ ಎಲ್ಲ ಸರಿಯಿತ್ತು.

ಬಿಲ್ಲಿನಲ್ಲಿ ಕಂಡದ್ದು

2022ರ ಡಿಸೆಂಬರ್‌ನಲ್ಲಿ ಬೇರೊಬ್ಬ ಡಾಕ್ಟರ ಚೀಟಿ: ಬಿ.ಪಿ.ಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಕೂಡಿದ ಒಂದು ಗುಳಿಗೆ. 2023ರ ಮಾರ್ಚ್‌ನಲ್ಲಿ ಚೀಟಿ ಇಲ್ಲದೆ ಅಸೆಕ್ಲೋಫೆನಾಕ್ ಸೇರಿದ ನೋವಿನ ಗುಳಿಗೆ, ಹತ್ತು. ಹತ್ತು ದಿನ ಬಿಟ್ಟು ಮತ್ತೆ ಹತ್ತು. ಏಪ್ರಿಲ್ ಮೊದಲ ವಾರ ಮತ್ತೆ ಹತ್ತು. ಮೂರೂ ಬಿಲ್ಲು ಮಾಡಿದವನು ನಾನೇ. ಅದೇ ಪರದೆಯಲ್ಲಿ, ಎರಡು ಸಾಲು ಮೇಲೆ, ಅವರ ಲಿಥಿಯಂ ಇತ್ತು.

"ಮೊಣಕಾಲ ಬ್ಯಾನಿ ಭಾಳ ಆಗೇತಿ ತಮ್ಮಾ" ಅಂದಿದ್ದರು. ಚೀಟಿ ಇಲ್ಲದೆ ಕೊಡಬಾರದು ಅಂತ ಗೊತ್ತು. ಸುಗ್ಗಿಯಲ್ಲಿ ದಿನಕ್ಕೆ ಮೂವತ್ತು ಜನ ಹೀಗೇ ಕೇಳುತ್ತಾರೆ, ಕೊಟ್ಟು ಕಳಿಸುತ್ತೇವೆ. ಸಮರ್ಥನೆ ಅಲ್ಲ ಇದು, ನಡೆಯುವುದು ಹೀಗೆ.

ಇದರಲ್ಲಿ ಬಿಸಿಲಿನ ಪಾತ್ರ ಏನು ಅಂತ ತಿಳಿಯಲು ಕಾಕಾನ ಶೆಡ್ ನೋಡಬೇಕು. ಮೇಲೆ ತಗಡು, ಸುತ್ತ ಹಸಿರು ನೆರಳು ಬಲೆ, ಒಳಗೆ ಹಂತ ಹಂತವಾಗಿ ಬಿಗಿದ ಜಾಳಿಗೆ. ಕೊಯ್ದ ದ್ರಾಕ್ಷಿಯನ್ನು ಡಿಪ್ಪಿಂಗ್ ಎಣ್ಣೆ ಮತ್ತು ಪೊಟ್ಯಾಶಿಯಂ ಕಾರ್ಬೋನೇಟ್ ಕಲಸಿದ ನೀರಿನಲ್ಲಿ ಅದ್ದಿ ಆ ಜಾಳಿಗೆಯ ಮೇಲೆ ಹರವುತ್ತಾರೆ. ಹೊರಗೆ ನಲವತ್ತರ ಬಿಸಿಲು, ಒಳಗೆ ತಗಡಿನ ಕಾವು. ಹೋದ ಐದು ನಿಮಿಷಕ್ಕೆ ಅಂಗಿ ಬೆನ್ನಿಗೆ ಅಂಟುತ್ತದೆ. ಕಾಕಾ ಮುಂಜಾನೆ ಏಳರಿಂದ ಮಧ್ಯಾಹ್ನದ ತನಕ ಅಲ್ಲೇ ಇರುತ್ತಿದ್ದರು. ಬೆವರಿನೊಡನೆ ಉಪ್ಪು ಹೋಗುತ್ತದೆ. ಪ್ರತಿ ವರ್ಷವೂ ಹೋಗುತ್ತಿತ್ತು, ಆದರೆ ಪ್ರತಿ ವರ್ಷ ಕಾಕು ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಒಂದು ಚರಿಗೆ ಉಪ್ಪು ಹಾಕಿದ ಮಜ್ಜಿಗೆ ಕಳಿಸುತ್ತಿದ್ದರು. ಈ ವರ್ಷ ಬಿ.ಪಿ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಿದ್ದರು. ಕಾಕು ಹೇಳಿದ್ದನ್ನು ಅರ್ಧ ಮಾಡುವವರಲ್ಲ. ಉಪ್ಪಿನಕಾಯಿ ಬಂದ್, ಹಿಂಡಿ ಬಂದ್, ಮಜ್ಜಿಗೆ ಸಪ್ಪೆ.

ಲಿಥಿಯಂ ಸಹ ಒಂಥರಾ ಉಪ್ಪೇ. ಸೋಡಿಯಂನ ಹತ್ತಿರದ ನೆಂಟ. ಮೂತ್ರಪಿಂಡಕ್ಕೆ ಇವೆರಡರ ನಡುವೆ ಫರಕು ಅಷ್ಟಾಗಿ ತಿಳಿಯುವುದಿಲ್ಲ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದಾಗ ಅದು ಸೋಡಿಯಂ ಹೊರಗೆ ಹೋಗಲು ಬಿಡದೆ ಎಳೆದುಕೊಳ್ಳುತ್ತದೆ, ಅದರ ಜೊತೆ ಲಿಥಿಯಂ ಕೂಡ ವಾಪಸ್ ಒಳಗೆ ಬರುತ್ತದೆ. ಥಯಾಜೈಡ್ ಸೋಡಿಯಂ ಹೊರಹಾಕುವ ಗುಳಿಗೆ. ಅದು ಮುಂದಿನ ಬಾಗಿಲಲ್ಲಿ ಹೊರಹಾಕಿದ್ದಕ್ಕೆ ಮೂತ್ರಪಿಂಡ ಹಿಂದಿನ ಬಾಗಿಲಲ್ಲಿ ಇನ್ನಷ್ಟು ಎಳೆದುಕೊಳ್ಳುತ್ತದೆ. ಟೆಲ್ಮಿಸಾರ್ಟನ್ ಜಾತಿಯ ಗುಳಿಗೆಗಳೂ ಲಿಥಿಯಂ ಏರಿಸುತ್ತವೆ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೇನ್ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೇ ಕಡಿಮೆ ಮಾಡಿ ಲಿಥಿಯಂ ಹೋಗುವ ದಾರಿ ಕಟ್ಟುತ್ತವೆ. ಹೀಗೆ ನಾಲ್ಕು ಕಡೆಯಿಂದ ಒತ್ತಿದರೆ ಗುಳಿಗೆ ಅದೇ ಮೂರು ಇದ್ದರೂ ಒಳಗೆ ಲೆಕ್ಕ ಬೇರೆಯೇ ಆಗುತ್ತದೆ. ಆಮೇಲೆ ಲಿಥಿಯಂ ಏರಿದ್ದಕ್ಕೇ ಭೇದಿ, ಭೇದಿಯಿಂದ ನೀರು ಹೋಗಿ ಲಿಥಿಯಂ ಮತ್ತಷ್ಟು ಏರುವುದು. ಸುತ್ತು ಪೂರ್ತಿಯಾಯಿತು.

ಉಪ್ಪಿನ ಈ ಕಥೆ ಹಳೆಯದು. 1940ರ ದಶಕದ ಕೊನೆಗೆ ಅಮೆರಿಕದಲ್ಲಿ ಉಪ್ಪು ಬಿಡಬೇಕಾದ ಹೃದಯದ ರೋಗಿಗಳಿಗೆ ಲಿಥಿಯಂ ಕ್ಲೋರೈಡನ್ನು ಉಪ್ಪಿನ ಬದಲಿ ಅಂತ ಮಾರುತ್ತಿದ್ದರು. ಜನ ಊಟಕ್ಕೆ ಉದುರಿಸಿಕೊಂಡು ತಿಂದರು, ಕೆಲವರು ಸತ್ತರು, 1949ರಲ್ಲಿ ಅದನ್ನು ಪೇಟೆಯಿಂದ ತೆಗೆದರು. ಅದೇ 1949ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಜಾನ್ ಕೇಡ್, ಮೇನಿಯಾ ಇದ್ದ ಹತ್ತು ಜನರಿಗೆ ಲಿಥಿಯಂ ಕೊಟ್ಟು ಅವರು ಶಾಂತವಾದದ್ದನ್ನು ಬರೆದರು. ಆ ಸಾವುಗಳ ಹೆದರಿಕೆ ಎಷ್ಟಿತ್ತೆಂದರೆ ಅಮೆರಿಕ ಈ ಔಷಧಿಗೆ ಒಪ್ಪಿಗೆ ಕೊಟ್ಟದ್ದು 1970ರಲ್ಲಿ. ಉಪ್ಪು ಬಿಟ್ಟವರಿಗೆ ಲಿಥಿಯಂ ವಿಷವಾಗುತ್ತದೆ ಅನ್ನುವುದು ನಾನು ಹುಟ್ಟುವ ಮೊದಲೇ ಗೊತ್ತಿದ್ದ ಮಾತು.

ಇನ್ನೊಂದು ವಿಷಯ. ಆರು ತಿಂಗಳಿಗೊಮ್ಮೆ ಲಿಥಿಯಂ ಮಟ್ಟ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್, ಥೈರಾಯ್ಡ್, ಕ್ಯಾಲ್ಸಿಯಂ ನೋಡಬೇಕು ಅಂತ ಮನೋವೈದ್ಯರು ಪ್ರತಿ ಚೀಟಿಯಲ್ಲೂ ಬರೆದಿದ್ದರು. ಕಾಕಾ ಕಡೆಯ ಸಲ ರಕ್ತ ಕೊಟ್ಟು ಹದಿನಾಲ್ಕು ತಿಂಗಳಾಗಿತ್ತು. "ಇಷ್ಟ್ ವರ್ಷ ಏನೂ ಆಗಿಲ್ಲಲಾ" ಅನ್ನುವುದು ಅವರ ವಾದ. ಬಿ.ಪಿ. ಗುಳಿಗೆ ಶುರುವಾದ ವಾರದಲ್ಲಿ ಒಂದು ಸಲ ನೋಡಿದ್ದರೂ ಸಾಕಿತ್ತು.

ಆಸ್ಪತ್ರೆಯ ಆರು ದಿನ

ವಿಜಯಪುರದಲ್ಲಿ ಮೊದಲ ರಿಪೋರ್ಟ್: ಲಿಥಿಯಂ 2.4, ಕ್ರಿಯಾಟಿನಿನ್ 2.1. ಲಿಥಿಯಂ ಬಂದ್, ಬಿ.ಪಿ. ಗುಳಿಗೆ ಬಂದ್, ನೋವಿನ ಗುಳಿಗೆ ಬಂದ್. ಸಲೈನ್ ಹಚ್ಚಿದರು, ಇ.ಸಿ.ಜಿ. ನೋಡಿದರು, ಕೆಲವು ತಾಸಿಗೊಮ್ಮೆ ರಕ್ತ ತೆಗೆದರು. ಡಯಾಲಿಸಿಸ್ ಮಾತು ಬಂತು. ಕಾಕಾಗೆ ಜ್ಞಾನ ಸರಿಯಿತ್ತು, ಮೂತ್ರ ಹೋಗುತ್ತಿತ್ತು, ಮಟ್ಟ ಇಳಿಯುತ್ತಿತ್ತು. ಹಾಗಾಗಿ ಬೇಡವಾಯಿತು.

ರಕ್ತ ತೆಗೆಯುವ ಬಗ್ಗೆ ಒಂದು ಮಾತು, ಯಾಕೆಂದರೆ ಇಲ್ಲಿ ಎಡವುವವರು ಜಾಸ್ತಿ. ಮಾಮೂಲಿ ಪರೀಕ್ಷೆಗೆ ಕೊನೆಯ ಗುಳಿಗೆ ನುಂಗಿ ಹನ್ನೆರಡು ತಾಸಿಗೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೆ, ಬೆಳಗಿನ ಗುಳಿಗೆ ನುಂಗುವ ಮೊದಲು. ಹಸಿರು ಮುಚ್ಚಳದ ಕೆಲವು ಟ್ಯೂಬಿನಲ್ಲಿ ಹೆಪ್ಪುಗಟ್ಟದಂತೆ ಹಾಕಿರುವುದೇ ಲಿಥಿಯಂ ಹೆಪಾರಿನ್. ಅದರಲ್ಲಿ ತೆಗೆದರೆ ಇಲ್ಲದ ಲಿಥಿಯಂ ರಿಪೋರ್ಟಿಗೆ ಬರುತ್ತದೆ.

ನಾಲ್ಕನೇ ದಿನ ಮಟ್ಟ 0.9ಕ್ಕೆ ಬಂತು. ಆದರೂ ಕಾಕಾನ ತೂರಾಟ ಹೋಗಲಿಲ್ಲ. ಕಾಕು ಹೆದರಿದರು. ರಕ್ತದಿಂದ ಇಳಿದಷ್ಟು ಬೇಗ ಮಿದುಳಿನಿಂದ ಲಿಥಿಯಂ ಇಳಿಯುವುದಿಲ್ಲ. ನಡಿಗೆ ಸರಿಹೋಗಲು ಹತ್ತು ದಿನ ಬೇಕಾಯಿತು.

ಮತ್ತೆ ಅದೇ ಗುಳಿಗೆಯಾ?

ಜಗಳ ಶುರುವಾದದ್ದು ಮನೆಗೆ ಬಂದ ಮೇಲೆ. "ಆ ಗುಳಗಿ ಮತ್ತ ನಮ್ಮ ಮನಿಯೊಳಗ ಬರೂದ ಬ್ಯಾಡ" ಅಂತ ಕಾಕು ಕೂತರು. ಮಗ ಮೊಬೈಲ್‌ನಲ್ಲಿ ಓದಿ, ಮನಸ್ಸು ಹಿಡಿದಿಡುವ ಇನ್ನೊಂದು ಗುಳಿಗೆ ವ್ಯಾಲ್ಪ್ರೋಯೇಟ್ ಯಾಕೆ ಬೇಡ ಅಂತ ಕೇಳಿದ. ಮಾತು ನಡೆದಿರುವಾಗಲೇ, ಲಿಥಿಯಂ ನಿಲ್ಲಿಸಿದ ಒಂಬತ್ತನೇ ರಾತ್ರಿ, ಕಾಕಾ ಮೂರು ಗಂಟೆಗೆ ಎದ್ದು ವಹಿ ಹಿಡಿದು ಕೂತರು. ಕೋಲ್ಡ್ ಸ್ಟೋರೇಜ್ ಕಟ್ಟುವ ಲೆಕ್ಕ. ಮರುದಿನವೂ ಅದೇ. ಮಗ ಹೆದರಿ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದ. ಕನ್ನಡದಲ್ಲೇ ಮಾತಾಡಿ, ಬೆಳಗಾಗುತ್ತಲೇ ಮನೋವೈದ್ಯರ ಹತ್ತಿರ ಹೋಗಲು ಹೇಳಿದರು.

ಆ ಭೇಟಿಗೆ ನಾನೂ ಹೋಗಿದ್ದೆ, ಬಿಲ್ಲಿನ ಪ್ರತಿ ಹಿಡಿದುಕೊಂಡು. ಮನೋವೈದ್ಯರು ಮೂರೂ ಬಿಲ್ಲು ನೋಡಿದರು, ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರು ಒಂದೊಂದೇ ಬಿಡಿಸಿ ಹೇಳಿದರು. ವ್ಯಾಲ್ಪ್ರೋಯೇಟ್ ಮೇನಿಯಾಕ್ಕೆ ಒಳ್ಳೆಯದೇ, ಕಾಕಾನಂಥ ಗಂಡಸಿಗೆ ಕೊಡಬಹುದು, ಯಕೃತ್ತು ಮತ್ತು ತೂಕದ ಮೇಲೆ ಕಣ್ಣಿಡಬೇಕು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಗಳಾಗಿದ್ದರೆ ಆ ಮಾತನ್ನೇ ಎತ್ತುತ್ತಿರಲಿಲ್ಲ. ಬಸುರಿಯಲ್ಲಿ ಅದನ್ನು ನುಂಗಿದರೆ ಹತ್ತರಲ್ಲಿ ಒಂದು ಮಗುವಿಗೆ ಅಂಗದೋಷ, ಮೂರು ನಾಲ್ಕು ಮಕ್ಕಳಿಗೆ ಕಲಿಕೆ, ಬೆಳವಣಿಗೆಯ ತೊಂದರೆ. (ಇದನ್ನು ಗೊತ್ತಿಲ್ಲದೆ ಮದುವೆಯಾದ ಹೊಸತರಲ್ಲಿ ನುಂಗುತ್ತಿದ್ದವರನ್ನು ನಾನು ನೋಡಿದ್ದೇನೆ. ಹಾಗಂತ ಹೆದರಿ ತಾವೇ ನಿಲ್ಲಿಸಬಾರದು, ಮೊದಲು ಡಾಕ್ಟರ ಹತ್ತಿರ ಹೋಗಬೇಕು.) ಲ್ಯಾಮೋಟ್ರಿಜಿನ್ ಇಳಿಯುವುದನ್ನು ತಡೆಯುತ್ತದೆ, ಏರುವುದನ್ನು ತಡೆಯುವುದರಲ್ಲಿ ಅಷ್ಟು ಗಟ್ಟಿಯಲ್ಲ. ಕಾಕಾನ ದೊಡ್ಡ ಕಾಟ ಏರುವುದೇ. ಮೇಲಾಗಿ ಅದನ್ನು 25 ಮಿ.ಗ್ರಾಂನಿಂದ ಶುರುಮಾಡಿ 200ಕ್ಕೆ ಒಯ್ಯಲು ಆರು ವಾರ ಬೇಕು.

ಈ ಆರು ವಾರಕ್ಕೂ ಕಾರಣ ಇದೆ. ಅವಸರದಿಂದ ಏರಿಸಿದರೆ ಮೈಮೇಲೆ ಗುಳ್ಳೆ ಎದ್ದು, ಬಾಯಿ ಕಣ್ಣು ಸುಲಿದು, ಜೀವಕ್ಕೇ ಬರುವ ಅಲರ್ಜಿ ಅಪರೂಪಕ್ಕೆ ಆಗುತ್ತದೆ. ಒಮ್ಮೆ ಕಾಲೇಜು ಹುಡುಗಿಯೊಬ್ಬಳು ಪರೀಕ್ಷೆಯ ಗಡಿಬಿಡಿಯಲ್ಲಿ ಹತ್ತು ದಿನ ಗುಳಿಗೆ ಬಿಟ್ಟು, ಸೀದಾ 200 ನುಂಗಲು ಹೊರಟಿದ್ದಳು. ಅಷ್ಟು ದಿನ ಬಿಟ್ಟರೆ ಮತ್ತೆ 25ರಿಂದಲೇ ಶುರು. ಅವಳನ್ನು ಮಾತ್ರ ನಾನು ಸರಿಯಾಗಿ ತಡೆದೆ.

ಕ್ವೆಟಿಯಾಪಿನ್ ಏರುವುದಕ್ಕೂ ಇಳಿಯುವುದಕ್ಕೂ ಕೆಲಸ ಮಾಡುತ್ತದೆ, ನಿದ್ದೆಯೂ ಬರುತ್ತದೆ. ಅದನ್ನು ಅವತ್ತೇ ರಾತ್ರಿಗೆ ಶುರುಮಾಡಿದರು, ಮೂರು ದಿನದಲ್ಲಿ 300ಕ್ಕೆ ಒಯ್ದರು. ಅದೊಂದನ್ನೇ ಮುಂದುವರಿಸಬಹುದಲ್ವಾ ಅಂತ ಮಗ ಕೇಳಿದ. ಓಲಾನ್ಜಪಿನ್‌ನಿಂದ ಆಗಿದ್ದ ತೂಕ, ಶುಗರ್ ನೆನಪಿಸಿದರು. ಇದೂ ಅದೇ ದಾರಿಯದು. ಆಮೇಲೆ ಕಾಕು ಕಡೆ ತಿರುಗಿ, ಬಾವಿಯ ಮಾತು ಆಡಿದ್ದನ್ನು ಕೇಳಿದರು. ಆತ್ಮಹತ್ಯೆ ತಡೆಯುವುದರಲ್ಲಿ ಲಿಥಿಯಂಗೆ ಇರುವಷ್ಟು ಆಧಾರ ಈ ಸಾಲಿನ ಬೇರೆ ಯಾವ ಗುಳಿಗೆಗೂ ಇಲ್ಲ ಅಂದರು. ಕಾಕು ಮಾತಾಡಲಿಲ್ಲ.

ಮಾತಾಡಿದ್ದು ಕಾಕಾ. "ವರ್ಷಾ ಜಾತ್ರಿಗೆ ಹೋಗ್ತೀನಿ. ಎತ್ತು ನೋಡ್ತೀನಿ, ಹಲ್ಲು ಎಣಸ್ತೀನಿ, ಬರಿಗೈಲೆ ಮನಿಗೆ ಬರ್ತೀನಿ. ಅದು ಆ ಗುಳಗೀದ."

ಕ್ರಿಯಾಟಿನಿನ್ 1.3ಕ್ಕೆ ಇಳಿದ ಮೇಲೆ ಲಿಥಿಯಂ ಮತ್ತೆ ಶುರುವಾಯಿತು, ಈ ಸಲ ರಾತ್ರಿ ಎರಡೇ ಗುಳಿಗೆ, 600 ಮಿ.ಗ್ರಾಂ. ಬಿ.ಪಿ.ಗೆ ಆಮ್ಲೋಡಿಪಿನ್, ಅದಕ್ಕೂ ಲಿಥಿಯಂಗೂ ಅಂಥ ಜಗಳ ಇಲ್ಲ. ಮೊಣಕಾಲಿಗೆ ಪ್ಯಾರಾಸಿಟಮಾಲ್. ಉಪ್ಪು ಒಂದೇ ಸಮ, ಒಮ್ಮೆಲೇ ಬಿಡುವುದೂ ಇಲ್ಲ, ಒಮ್ಮೆಲೇ ಸುರಿಯುವುದೂ ಇಲ್ಲ. ಉಪ್ಪು ಜಾಸ್ತಿ ತಿಂದರೆ ಲಿಥಿಯಂ ತೊಳೆದು ಹೋಗಿ ಮಟ್ಟ ಕುಸಿಯುತ್ತದೆ. ಶಿವರಾತ್ರಿಗೆ ನೀರು ಬಿಟ್ಟು ಉಪವಾಸ ಬೇಡ. ವಾಂತಿ ಭೇದಿಯಾದರೆ ಅವತ್ತಿನ ಗುಳಿಗೆ ನಿಲ್ಲಿಸಿ ಫೋನ್ ಮಾಡಬೇಕು. ವಾರ ಬಿಟ್ಟು ನೋಡಿದ ಮಟ್ಟ 0.6. ನಾಲ್ಕು ತಿಂಗಳಲ್ಲಿ ಕ್ವೆಟಿಯಾಪಿನ್ ಇಳಿಸಿ ನಿಲ್ಲಿಸಿದರು.

ಕ್ರಿಯಾಟಿನಿನ್ ಮಾತ್ರ ಮೊದಲಿನ 1.0ಕ್ಕೆ ವಾಪಸ್ ಬರಲಿಲ್ಲ, 1.2ಕ್ಕೆ ನಿಂತಿದೆ. ಹಾಗಾಗಿ ಈಗ ಮೂರು ತಿಂಗಳಿಗೊಮ್ಮೆ ರಕ್ತ.

ನನ್ನ ಕಂಪ್ಯೂಟರ್‌ನಲ್ಲಿ ಈಗ ಲಿಥಿಯಂ ಕೊಳ್ಳುವವರ ಹೆಸರು ಹೊಡೆದರೆ ಕೆಂಪು ಅಕ್ಷರದಲ್ಲಿ 'ನೋವಿನ ಗುಳಿಗೆ ಬೇಡ, ಬಿ.ಪಿ. ಗುಳಿಗೆ ಕೇಳು' ಅಂತ ಬರುತ್ತದೆ. ಮಗ ಕೊಟ್ಟ ಐಡಿಯಾ. ಸ್ಟ್ರಿಪ್ಪಿನ ಲಕೋಟೆ ಮೇಲೂ ಮಾರ್ಕರ್‌ನಿಂದ ಅದನ್ನೇ ಬರೆಯುತ್ತೇನೆ, ಕನ್ನಡದಲ್ಲಿ, ದಪ್ಪಗೆ.

ಮರುವರ್ಷದ ಸುಗ್ಗಿಯಲ್ಲಿ ಕಾಕಾ ಬಂದರು. ಕೈಯಲ್ಲಿ ಎರಡು ಲೀಟರ್ ನೀರಿನ ಬಾಟಲಿ, ಹೆಗಲಿಗೆ ಕಾಕು ಕಟ್ಟಿದ ಬುತ್ತಿ. ನಾನು ಚಹಾ ತರಿಸಿದೆ. ಬಸಿಗೆ ಸುರಿದರು. ಮೇಲೆ ಸಣ್ಣ ಅಲೆ ಎದ್ದಿತು. ನಾನು ಅದನ್ನೇ ನೋಡುತ್ತಿರುವುದು ಅವರಿಗೆ ಗೊತ್ತಾಯಿತು.

"ಏನ್ ನೋಡ್ತಿ? ಚಲ್ಲೂದಿಲ್ಲ ತಗೋ" ಅಂದು ಸುರ್ ಅಂತ ಎಳೆದರು.